ದಾರಿಗೆ ಅಡ್ಡ ಕೂತ ಈರಣ್ಣ ಮಾವ

ಈರಣ್ಣ ಮಾವನಿಗೆ ಕೂರುವುದಕ್ಕೆ ಎಲ್ಲಿ ಬೇಕಾದರೂ ಜಾಗವಿತ್ತು. ಆದರೆ ಅವರು ಕೂರುತ್ತಿದ್ದದ್ದು ದಾರಿಯಲ್ಲಿ. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆಗೆ ತಾಗಿದಂತೆಯೇ ಅವರ ಸೌದೆ ಡಿಪೋ. ಅದರ ಗೇಟು ಲಾರಿ ಸಲೀಸಾಗಿ ಹೋಗುವಷ್ಟು ಅಗಲ. ಆ ಅಗಲದ ನಟ್ಟನಡುವೆ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಬಿಳಿ ಪಂಚೆ, ತೋಳಿನ ಬನಿಯನ್ನು, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಹೆಗಲ ಮೇಲೆ ಟವೆಲ್ಲು. ಲಾರಿ ಬಂದು ಮೂತಿ ತೂರಿಸಿ ನಿಂತರೂ ಆಸಾಮಿ ಅಲ್ಲಾಡುತ್ತಿರಲಿಲ್ಲ. ಡ್ರೈವರ್ ಸೆಲ್ವಂ ಹಾರ್ನ್ ಹೊಡೆಯುತ್ತಿದ್ದ. ಮಾವ ಕಿವಿಯೊಳಗೆ ಕಿರುಬೆರಳು ಹಾಕಿ ಅಲ್ಲಾಡಿಸುತ್ತಿದ್ದರು. ಕೊನೆಗೆ ಅವನೇ ಕಿಟಕಿಯಿಂದ ತಲೆ ಹೊರಹಾಕಬೇಕು.

"ಯಜಮಾನ್ರೇ, ಕೊಂಚ ಎದ್ದೇಳಿ."

"ಏಳ್ತೀನಿ ಇರಪ್ಪಾ. ಏನು ತಂದಿದೀಯ? ಯಾರ ಜಮೀನಿಂದು? ತಾನಾಗಿ ಬಿದ್ದಿದ್ದೋ, ಕಡಿದಿದ್ದೋ?"

ಅಷ್ಟಕ್ಕೂ ಉತ್ತರ ಸಿಕ್ಕ ಮೇಲೆಯೇ ಮಾವ ಎದ್ದು ಕುರ್ಚಿಯನ್ನು ಪಕ್ಕಕ್ಕೆ ಎಳೆಯುತ್ತಿದ್ದದ್ದು. ಲಾರಿ ಒಳಗೆ ಹೋದ ಕೂಡಲೇ ಕುರ್ಚಿ ಮತ್ತೆ ನಡುವಿಗೆ. ಮದುವೆ ಮನೆಗೆ ಹೋದರೆ ಊಟದ ಹಾಲಿನ ಬಾಗಿಲಲ್ಲಿ, ಆಸ್ಪತ್ರೆಗೆ ಹೋದರೆ ಡಾಕ್ಟರ ರೂಮಿನ ಮುಂದೆ, ಮನೆಯಲ್ಲಿದ್ದರೆ ಹೊಸ್ತಿಲ ಮೇಲೆ. ಅವರ ಹೆಂಡತಿ ಗೌರತ್ತೆ ಬೈದೂ ಬೈದೂ ಸೋತಿದ್ದರು. "ಹೊಸ್ತಿಲ ಮೇಲೆ ಕೂರ್ಬೇಡಿ, ಮನೆಗೆ ಒಳ್ಳೇದಲ್ಲ ಅಂತ ಎಷ್ಟು ಸಲ ಬಡ್ಕೊಳ್ಳಿ? ಕೂತು ತಿಂದ್ರೆ ಕುಡಿಕೆ ಹೊನ್ನೂ ಸಾಲಲ್ಲ ಅಂತಾರೆ. ನಿಮಗೆ ಮೂರು ಕುಡಿಕೆ ಬೇಕು!"

ಮಾವನ ಉತ್ತರ ಯಾವಾಗಲೂ ಒಂದೇ. "ಪಕ್ಕದಲ್ಲಿ ಕೂತ್ರೆ ಯಾರೂ ಮಾತಾಡ್ಸಲ್ಲ ಕಣೇ. ಅಡ್ಡ ಕೂತ್ರೆ ಎಲ್ರೂ ಮಾತಾಡ್ಸಲೇಬೇಕು."

ನಾನಂತೂ ದಿನಾ ಮಾತಾಡಿಸಲೇಬೇಕಿತ್ತು. ಡಿಪೋದ ಹಿಂದಿನ ಸಂದಿಯಿಂದ ಹೋದರೆ ಬಸ್ ಸ್ಟಾಪು ಹತ್ತಿರ. ನನ್ನ ಕೆಲಸ ಶಿವಮೊಗ್ಗದಲ್ಲಿ, ಆಲ್ಕೊಳ ಸರ್ಕಲ್ಲಿನ ಹತ್ತಿರ ಒಂದು ಆಫೀಸು. ಬೆಳಿಗ್ಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಸಂಜೆ ನೇತಾಡಿಕೊಂಡು ಬಂದು, ಮಂಡಿಯನ್ನು ಶಪಿಸುತ್ತಾ ಗೇಟು ದಾಟುವಾಗ ಕುರ್ಚಿಯಿಂದ ಒಂದು ದನಿ ಬರುತ್ತಿತ್ತು. "ಬಂದ್ಯಾ ಸುಮಾ? ಎಷ್ಟು ಹೊಗೆ ಅಳೆದೆ ಇವತ್ತು?" ಕೆಲವು ದಿನ ನಗು ಬರುತ್ತಿತ್ತು. ಹೆಚ್ಚಿನ ದಿನ, ನಿಜ ಹೇಳಬೇಕೆಂದರೆ, ಮೈ ಉರಿಯುತ್ತಿತ್ತು.

ಸೌದೆ ವ್ಯಾಪಾರದಲ್ಲಿ ಮಾವನದು ಒಂದು ಹಟ. ಹಸಿ ಸೌದೆ ಡಿಪೋದಿಂದ ಹೊರಗೆ ಹೋಗಕೂಡದು. ಬಂದ ಮರ ಸೀಳಿ, ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿ, ಮೇಲೆ ತಗಡು ಹೊದಿಸಿ, ಒಂದು ಬೇಸಿಗೆ ಪೂರ್ತಿ ಒಣಗಬೇಕು. ಯಾರಾದರೂ ಅವಸರ ಮಾಡಿದರೆ ಎರಡು ತುಂಡು ಕೈಗೆತ್ತಿಕೊಂಡು ಒಂದಕ್ಕೊಂದು ಕುಟ್ಟಿ ತೋರಿಸುತ್ತಿದ್ದರು. ಒಣಗಿದ್ದರೆ ಠಣ್ ಎನ್ನುತ್ತಿತ್ತು, ಇಲ್ಲದಿದ್ದರೆ ದಬ್. "ಕೇಳಿಸ್ತಾ? ಇದಿನ್ನೂ ನೀರು ಕುಡೀತಾ ಇದೆ. ಇದನ್ನ ಒಲೆಗಿಟ್ರೆ ಅರ್ಧ ಬೆಂಕಿ ನೀರು ಆರಿಸೋಕೇ ಹೋಗುತ್ತೆ. ಒಂದ್ ಹೊರೆ ಬೇಕಾದಲ್ಲಿ ಎರಡು ಹೊರೆ. ಉಳಿದಿದ್ದೆಲ್ಲ ನಿನ್ ಹೆಂಡ್ತಿ ಕಣ್ಣಿಗೆ." ಹೋಟೆಲಿನವರು, ಅಡುಗೆ ಕಂಟ್ರಾಕ್ಟಿನವರು ಗೊಣಗಿಕೊಂಡೇ ಕಾಯುತ್ತಿದ್ದರು. ಕಾಯಲಾರದವರು ಬೇರೆ ಡಿಪೋ ನೋಡಿಕೊಳ್ಳುತ್ತಿದ್ದರು. ಮಾವ ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ.

ತಮಾಷೆ ಎಂದರೆ ಊರಿಗೆಲ್ಲ ಸೌದೆ ಕೊಡುವ ಮನುಷ್ಯನ ಮನೆಯಲ್ಲಿ ಸೌದೆ ಒಲೆಯೇ ಇರಲಿಲ್ಲ. ನಮ್ಮ ಬೀದಿಯಲ್ಲಿ ಮೊದಲು ಗ್ಯಾಸ್ ಬಂದದ್ದು ಅವರ ಮನೆಗೆ, ಛಾವಣಿಯ ಮೇಲೆ ಸೋಲಾರ್ ಕೂತದ್ದೂ ಮೊದಲು ಅವರಲ್ಲೇ. ಮೋಡ ಕವಿದ ದಿನ ಸೋಲಾರಿನಲ್ಲಿ ನೀರು ಕಾಯುತ್ತಿರಲಿಲ್ಲ. ಆಗ ಬಚ್ಚಲಿನಿಂದ "ಶಿವ ಶಿವಾ! ಶಿವ ಶಿವಾ!" ಎಂಬ ಕೂಗು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. "ಅಂಗಳದ ತುಂಬ ಸೌದೆ ಇಟ್ಕೊಂಡು ತಣ್ಣೀರು ಸುರ್ಕೊಳ್ಳೋ ಗಂಡಸು ಇವರೊಬ್ರೇ" ಎಂದು ಗೌರತ್ತೆ ಗೋಡೆಯಾಚೆಯಿಂದ ನಮಗೆ ವರದಿ ಒಪ್ಪಿಸುತ್ತಿದ್ದರು.

ಒಮ್ಮೆ ಕೇಳಿದ್ದೆ, ಯಾಕೆ ಮಾವ ಈ ಹಟ ಎಂದು. ಅವತ್ತು ತಮಾಷೆ ಮಾಡಲಿಲ್ಲ. "ನಮ್ಮವ್ವ ಊದುಗೊಳವೆ ಹಿಡ್ಕೊಂಡೇ ಮುದುಕಿ ಆದ್ಲು. ಕೊನೇಲಿ ಕಣ್ಣು ಕಾಣ್ತಿರ್ಲಿಲ್ಲ, ಉಸಿರು ಹತ್ತಿ ಮಲಗೋಕೂ ಆಗ್ತಿರ್ಲಿಲ್ಲ. ಗೋಡೆಗೊರಗಿ ಕೂತೇ ನಿದ್ದೆ ಮಾಡ್ತಿದ್ಲು. ಹೊಗೆ ಮೇಲಕ್ಕೆ ಹೋಗುತ್ತೆ ಅಂತೀರಿ ನೀವೆಲ್ಲ. ಮೇಲಕ್ಕೆ ಹೋಗೋಕೆ ಮುಂಚೆ ಯಾರದ್ದಾದ್ರೂ ಎದೆಗೆ ಹೋಗಿರುತ್ತೆ ಮಾರಾಯ್ತಿ." ಅದಾದ ಮೇಲೆ ಅವರ ತಣ್ಣೀರು ಸ್ನಾನಕ್ಕೆ ನಾನು ನಗುವುದನ್ನು ಬಿಟ್ಟೆ.

ನನ್ನ ಅಪ್ಪ ತೀರಿಕೊಂಡಾಗ ಚಿತೆಗೆ ಸೌದೆ ಹೋದದ್ದು ಅವರ ಡಿಪೋದಿಂದಲೇ. ಆಳುಗಳನ್ನು ದೂರ ನಿಲ್ಲಿಸಿ, ಒಂದೊಂದೇ ತುಂಡನ್ನು ತಾವೇ ಕುಟ್ಟಿ ನೋಡಿ ಸೆಲ್ವಂನ ಲಾರಿಗೆ ಹಾಕಿಸಿದರು. ಠಣ್, ಠಣ್ ಎಂಬ ಸದ್ದು ನಾವು ಅಪ್ಪನನ್ನು ಮಲಗಿಸಿದ್ದ ನಡುಮನೆಗೆ ಬರುತ್ತಿತ್ತು. ಸ್ಮಶಾನದಲ್ಲಿ ಬೆಂಕಿ ಒಂದೇ ಸಲಕ್ಕೆ ಹತ್ತಿತು, ಹೊಗೆ ಎದ್ದದ್ದೇ ಕಡಿಮೆ. ಮಾವ ನನ್ನ ಪಕ್ಕಕ್ಕೆ ಬಂದು, "ನಿಮ್ಮಪ್ಪಂಗೆ ಹೊಗೆ ಆಗ್ತಿರ್ಲಿಲ್ಲ, ಸೀನ್ತಿದ್ದ. ಅದಕ್ಕೇ ಹಳೇ ಒಣ ಸೌದೆ ಅಟ್ಟಿಯಿಂದ ತೆಗೆಸ್ದೆ" ಎಂದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ನಾನು ಆ ಮಾತಿಗೆ ಅತ್ತುಬಿಟ್ಟೆ.

ನಾನು ಅತ್ತು ಮುಗಿಸಿದ ಮೇಲೆ ಮಾವ, ನನ್ನನ್ನು ನಗಿಸುವುದಕ್ಕೋ ಏನೋ, ತಮ್ಮ ಹಳೆಯ ಜೋಕು ತೆಗೆದರು. "ನೋಡು, ಊರಿಗೆಲ್ಲ ಕಟ್ಟಿಗೆ ಕೊಟ್ಟೋನು ನಾನು. ನನಗೆ ಮಾತ್ರ ಒಂದ್ ಕಡ್ಡಿ ಬೇಡ. ನಮ್ಮೋರಲ್ಲಿ ಸುಡಲ್ಲವಲ್ಲ. ಗುಂಡಿ ತೋಡಿ, ಪದ್ಮಾಸನ ಹಾಕಿ ಕೂರಿಸಿ, ವಿಭೂತಿ, ಪತ್ರೆ, ಉಪ್ಪು ಹಾಕಿ ಮಣ್ಣು ಮುಚ್ತಾರೆ. ಬದುಕಿದ್ದಾಗಲೂ ಕೂತಿದ್ದೆ, ಸತ್ತ ಮೇಲೂ ಕೂತಿರ್ತೀನಿ." ವೀರಶೈವರಲ್ಲಿ ಅದೇ ಪದ್ಧತಿ, ಎಲ್ಲರಿಗೂ ಗೊತ್ತಿದ್ದದ್ದೇ. ಮಾವ ಅದನ್ನು ಹೇಳುವಾಗ ಮಾತ್ರ ಯಾವುದೋ ಸೀಟು ರಿಸರ್ವ್ ಮಾಡಿಸಿದವರ ಗತ್ತು ಇರುತ್ತಿತ್ತು.

ಈಗ ನನ್ನ ಕೆಲಸದ ವಿಷಯ ಹೇಳಬೇಕು, ಬೇರೆ ದಾರಿಯಿಲ್ಲ. ಕಾರ್ಖಾನೆಗಳು ವರ್ಷಕ್ಕೆ ಎಷ್ಟು ಇಂಗಾಲವನ್ನು ಗಾಳಿಗೆ ಬಿಟ್ಟವು ಎಂದು ಲೆಕ್ಕ ಹಾಕಿಕೊಡುವ ಆಫೀಸು ನಮ್ಮದು. ಕಲ್ಲಿದ್ದಲು ಇಷ್ಟು ಸುಟ್ಟರೆ ಇಷ್ಟು, ಡೀಸೆಲ್ ಇಷ್ಟಕ್ಕೆ ಇಷ್ಟು. ಆದರೆ ಬಾಯ್ಲರಿಗೆ ಸೌದೆ ಹಾಕಿದರೆ ಆ ಹೊಗೆಯ ಇಂಗಾಲ ಕಾರ್ಖಾನೆಯ ಮೊತ್ತಕ್ಕೆ ಸೇರುವುದಿಲ್ಲ. ಅಲ್ಲಿ ಸೊನ್ನೆ. ಮರ ಬೆಳೆಯುವಾಗ ಗಾಳಿಯಿಂದ ಎಳೆದುಕೊಂಡದ್ದನ್ನೇ ಉರಿಯುವಾಗ ವಾಪಸ್ ಕೊಡುತ್ತದೆ, ಹೊಸದೇನೂ ಸೇರುವುದಿಲ್ಲ ಎಂಬುದು ವಾದ. ದೇಶದ ದೊಡ್ಡ ಲೆಕ್ಕದಲ್ಲೂ ಹೀಗೆಯೇ. ಚಿಮಣಿಯ ಬಾಯಲ್ಲಿ ಎಣಿಸುವುದಿಲ್ಲ, ಮರ ಕಡಿದ ನೆಲದ ಕಡೆ ಎಣಿಸಬೇಕು. ತಪ್ಪೇನಿಲ್ಲ, ಆ ನೆಲದ ಕಡೆ ಯಾರಾದರೂ ನಿಜವಾಗಿ ನೋಡಿ ಎಣಿಸುತ್ತಿದ್ದರೆ.

ಒಂದು ಸಂಜೆ ಗೇಟಿನಲ್ಲಿ ನಿಂತು ಇದನ್ನೆಲ್ಲ ಮಾವನಿಗೆ ಹೇಳಿದ್ದೆ. ಅವರು ಕೇಳಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇದು ನಮ್ ತಮ್ಮನ ಮಗನ ಮದುವೆ ಕಥೆ ಆಯ್ತಲ್ಲೇ! ಗಂಡಿನ ಕಡೆಯೋರು ಉಪ್ಪು ತರ್ತಾರೆ ಅಂತ ಹೆಣ್ಣಿನ ಕಡೆಯೋರು, ಹೆಣ್ಣಿನ ಕಡೆಯೋರು ತರ್ತಾರೆ ಅಂತ ನಾವು. ಪಂಕ್ತಿ ಕೂತ ಮೇಲೆ ನೋಡಿದ್ರೆ ಸಾರಿಗೂ ಉಪ್ಪಿಲ್ಲ, ಪಲ್ಯಕ್ಕೂ ಉಪ್ಪಿಲ್ಲ."

"ನನಗೆ ಗೊತ್ತಿಲ್ವಾ ಮಾವ? ನಾನೇನು ದಡ್ಡಿಯಾ?" ಎಂದೆ ಸಿಡುಕಿ. "ದಿನಾ ಅದನ್ನೇ ತಾನೇ ಬರೀತಿರೋದು. ಕೆಳಗೆ ಸಣ್ಣಕ್ಷರದಲ್ಲಿ ಒಂದು ಮಾತೂ ಬರೀತೀನಿ, ಈ ಸೌದೆ ಎಲ್ಲಿಂದ ಬಂತು ನೋಡ್ಕೊಳ್ಳಿ ಅಂತ. ಯಾರೂ ಓದಲ್ಲ."

ಅವರ ನಗು ನಿಂತಿತು. "ಅಕ್ಕಿ ಗಿರಣಿ ಹೊಟ್ಟು, ಅಡಿಕೆ ಸಿಪ್ಪೆ, ಸಾಮಿಲ್ ಪುಡಿ ಸುಡ್ಲಿ, ಬೇಡ ಅಂದೋರ್ಯಾರು? ಹೆಂಗಿದ್ರೂ ಕೊಳೆಯೋದೇ. ಆದ್ರೆ ನಿಂತಿರೋ ಮರ ಸುಟ್ಟು ಸೊನ್ನೆ ಅಂದ್ರೆ ಹೆಂಗೆ? ಸುಡೋದು ಒಂದ್ ಗಳಿಗೆ, ಬೆಳೆಯೋದು ಒಂದ್ ಆಯಸ್ಸು. ಆ ಮಧ್ಯದ ಕಾಲ ಯಾರಪ್ಪನ ಮನೇದು?" ಈ ಮಾತನ್ನು ಅವರು ಎಷ್ಟು ಸಲ ಹೇಳಿದರೋ. ನನಗೆ ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಕೇಳಿಸುವಷ್ಟಾಯಿತು.

ಮಾವ ಬರೀ ಮಾತಿನ ಮಲ್ಲನಲ್ಲ. ಭದ್ರಾವತಿಯಿಂದ ಸ್ವಲ್ಪ ಹೊರಗೆ ಅವರಿಗೆ ಪಿತ್ರಾರ್ಜಿತವಾಗಿ ಬಂದ ಒಂದು ದಿಣ್ಣೆಯಿತ್ತು. ಭದ್ರಾ ನಾಲೆ ಅದರ ಪಕ್ಕದಲ್ಲೇ ಹೋಗುತ್ತದೆ, ಆದರೆ ನೀರು ಮೇಲಕ್ಕೆ ಹತ್ತುವುದಿಲ್ಲ. ಎಲ್ಲರೂ ಬೋರು ಹೊಡೆಸಿ ಅಡಿಕೆ ಹಾಕಿ ಎಂದರು. ಮಾವ ಹಾಕಿದ್ದು ಹುಣಸೆ, ಹೊಂಗೆ, ಬೇವು, ನೇರಳೆ, ಮತ್ತಿ. ಯಾಕೆ ಎಂದರೆ, "ಇಷ್ಟು ವರ್ಷ ಊರಿನ ಒಲೆಗೆಲ್ಲ ಹಾಕಿದ್ನಲ್ಲ, ಸ್ವಲ್ಪನಾದ್ರೂ ವಾಪಸ್ ಬೆಳೀಲಿ" ಎನ್ನುತ್ತಿದ್ದರು. ಮೊದಲ ಬೇಸಿಗೆಗಳಲ್ಲಿ ನಾಲೆಯಿಂದ ಕೊಡದಲ್ಲಿ ನೀರು ಹೊತ್ತರು. ಗೌರತ್ತೆಯೂ ಹೊತ್ತರು, ಬೈಯುತ್ತಲೇ. ಒಮ್ಮೆ ಮೊಮ್ಮಕ್ಕಳು ಬಲವಂತವಾಗಿ ತ್ಯಾವರೆಕೊಪ್ಪದ ಹುಲಿ ಸಫಾರಿಗೆ ಎಳೆದುಕೊಂಡು ಹೋಗಿದ್ದರು. ಬಂದವರು ಸಂಜೆ ನನಗೆ ಹೇಳಿದ್ದು, "ಹುಲಿ ಎಲ್ಲ ನೋಡ್ಲಿಲ್ಲ ಮಾರಾಯ್ತಿ. ಹುಲಿ ಹಿಂದೊಂದು ಮತ್ತಿ ಮರ ಇತ್ತು ನೋಡು, ಏನು ಮೈಕಟ್ಟು! ನಮ್ ತೋಪಿಂದು ಇನ್ನೊಂದಿಪ್ಪತ್ತು ವರ್ಷಕ್ಕೆ ಹಂಗಾಗುತ್ತೆ."

ಎಡವಟ್ಟು ಮಾಡಿಕೊಂಡದ್ದು ಆಸ್ತಿ ಹಂಚುವಾಗ. ತಾವು ಬದುಕಿರುವಾಗಲೇ ಎಲ್ಲ ಸಸೂತ್ರ ಆಗಲಿ ಎಂದು ಡಿಪೋವನ್ನೂ ದಿಣ್ಣೆಯನ್ನೂ ಮಗ ಮಂಜುವಿನ ಹೆಸರಿಗೆ ಮಾಡಿಸಿಬಿಟ್ಟರು. ತೋಪನ್ನು ಕಡಿಯಬಾರದು ಎಂದು ಹೇಳುವುದು ಅವರಿಗೆ ಹೊಳೆಯಲೇ ಇಲ್ಲ. ಅದನ್ನೂ ಬಾಯಿಬಿಟ್ಟು ಹೇಳಬೇಕಾ ಎಂದುಕೊಂಡಿದ್ದರು ಪಾಪ.

ಮಂಜು ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೋಟೆಲಿಗೆಲ್ಲ ಗ್ಯಾಸು ಬಂದು ಡಿಪೋ ಸೊರಗಿತ್ತು. ಅಷ್ಟರಲ್ಲಿ ನಮ್ಮ ಆಫೀಸೇ ಲೆಕ್ಕ ಬರೆಯುವ ಒಂದು ಕಾರ್ಖಾನೆ ಕಲ್ಲಿದ್ದಲು ಬಿಟ್ಟು ಬಾಯ್ಲರಿಗೆ ಮರದ ಚೂರು ಹಾಕತೊಡಗಿತು. ಹಸಿರು ಕಾರ್ಖಾನೆ ಎಂದು ಹೆಸರು ಬರುತ್ತದಲ್ಲ. ಹೊಟ್ಟು, ಸಿಪ್ಪೆ ಎಷ್ಟು ತಂದರೂ ಆ ಬಾಯ್ಲರಿನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕಂಟ್ರಾಕ್ಟರುಗಳು ಮರ ಹುಡುಕಿಕೊಂಡು ಹಳ್ಳಿ ಹಳ್ಳಿ ತಿರುಗಿದರು. ಒಬ್ಬ ಮಂಜುವಿನ ಹತ್ತಿರವೂ ಬಂದ. ಮರ ಕಡಿಯುವುದು, ಪರ್ಮಿಶನ್, ಚೂರು ಮಾಡುವ ಮಿಷನ್ನು ಎಲ್ಲ ಅವನದೇ. ಮಂಜು ಹೂಂ ಎಂದರೆ ಆಯಿತು.

ಅವತ್ತು ಸಂಜೆ ಗೇಟಿನಲ್ಲಿ ಅಪ್ಪ ಮಗ ಇಬ್ಬರೂ ಮುಖ ಊದಿಸಿಕೊಂಡಿದ್ದರು. ನನ್ನನ್ನು ಕಂಡ ಕೂಡಲೇ ಮಂಜು, "ಅಕ್ಕನ್ನೇ ಕೇಳಿ ಅಪ್ಪಾ, ಅವರೇ ಬರೆಯೋದು. ಸೌದೆ ಸುಟ್ರೆ ಸೊನ್ನೆ ತಾನೇ ಅಕ್ಕ? ಕಡಿದ ಜಾಗದಲ್ಲಿ ಮತ್ತೆ ನೆಟ್ರೆ ಸರಿಹೋಗುತ್ತೆ ತಾನೇ?" ಎಂದ.

ಬಸ್ಸಿನಲ್ಲಿ ನಿಂತು ಬಂದಿದ್ದೆ, ತಲೆ ಸಿಡಿಯುತ್ತಿತ್ತು. ಮನೆಗೆ ಹೋಗಿ ಕಾಲು ಚಾಚಿದರೆ ಸಾಕು ಎನ್ನಿಸಿತ್ತು. ಆದರೂ ಹೇಳಿದೆ. "ಕಾಗದದ ಮೇಲೆ ಸೊನ್ನೆ ಮಂಜು. ಆಕಾಶದಲ್ಲಿ ಅಲ್ಲ. ಈಗ ಸುಟ್ರೆ ಹೊಗೆ ಈಗಲೇ ಹೋಗುತ್ತೆ. ಹೊಸ ಗಿಡ ಅದನ್ನ ವಾಪಸ್ ಎಳ್ಕೊಳ್ಳೋಕೆ ಈ ಮರಗಳಷ್ಟೇ ದೊಡ್ಡದಾಗಬೇಕು. ಅಲ್ಲಿವರೆಗೆ ಅದು ಮೇಲೇ ಇರುತ್ತೆ."

"ಹಂಗಾದ್ರೆ ಕಲ್ಲಿದ್ದಲೇ ಸುಡ್ಲಿ ಅಂತೀರಾ?"

"ಅದನ್ನೂ ಅನ್ನಲ್ಲ."

"ಮತ್ತೇನಂತೀರಿ?"

ಏನೆನ್ನುವುದು? ನಾನು ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ. ಮಂಜು ಬೇಸರದಿಂದ, "ಎಲ್ರೂ ಬೇಡ ಅನ್ನೋರೇ. ಮನೆ ನಡೆಸೋನು ನಾನೊಬ್ಬ" ಎಂದು ಒಳಗೆ ಹೋದ.

ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ಅವನೂ ಸರಿಯೇ. ನಾನೂ ಸರಿಯೇ. ಈ ವಯಸ್ಸಲ್ಲಿ ಮತ್ತೆ ಕೊಡ ಹೊತ್ತು ಗಿಡ ಬೆಳೆಸೋಕೆ ಆಗಲ್ಲ ಸುಮಾ. ಇದೊಂದು ತೋಪು ಉಳೀಲಿ. ನನಗೆ ಬೇರೇನೂ ಬೇಡ" ಎಂದರು. 

ಮಂಜು ಕಂಟ್ರಾಕ್ಟರನಿಗೆ ಹೂಂ ಎಂದ, ಮರ ಕಡಿಯುವ ದಿನವೂ ಗೊತ್ತಾಯಿತು. ಆ ಬೆಳಿಗ್ಗೆ ಡಿಪೋದ ಗೇಟಿನಲ್ಲಿ ನೀಲಿ ಕುರ್ಚಿ ಇರಲಿಲ್ಲ. ಮಾವ ಆಟೋದಲ್ಲಿ ಕುರ್ಚಿ ಹಾಕಿಕೊಂಡು ದಿಣ್ಣೆಗೆ ಹೋಗಿದ್ದರು. ತೋಪಿಗೆ ಇರುವುದು ಒಂದೇ ದಾರಿ. ಒಂದು ಪಕ್ಕ ನಾಲೆಯ ಏರಿ, ಇನ್ನೊಂದು ಪಕ್ಕ ಮನೆಯೆತ್ತರದ ಬಂಡೆ, ನಡುವೆ ಒಂದು ಗಾಡಿಜಾಡು, ಅಷ್ಟೇ. ಆ ಜಾಡಿನ ಮಧ್ಯೆ ಕುರ್ಚಿ ಹಾಕಿಕೊಂಡು ಕೂತರು. ಕಂಟ್ರಾಕ್ಟರ್ ಬಂದ, ಮಿಷನ್ ಬಂತು, ಬಾಡಿಗೆಗೆ ಹಿಡಿದ ಸೆಲ್ವಂನ ಲಾರಿಯೂ ಬಂತು. ಸೆಲ್ವಂ ಅಭ್ಯಾಸಬಲದಿಂದ ಹಾರ್ನ್ ಹೊಡೆದ. ಮಾವ ಕಿವಿಯಲ್ಲಿ ಬೆರಳಾಡಿಸಿದರು. "ಯಜಮಾನ್ರೇ, ಕೊಂಚ ಎದ್ದೇಳಿ" ಎಂದ. "ಇವತ್ತು ಏಳಲ್ಲಪ್ಪ" ಎಂದರಂತೆ. ಬಿಸಿಲು ನೆತ್ತಿಗೇರಿದರೂ ಏಳಲಿಲ್ಲ. ಹೆತ್ತ ಅಪ್ಪನನ್ನು ಎತ್ತಿ ಪಕ್ಕಕ್ಕಿಡಲು ಮಂಜುವಿಗೂ ಮನಸ್ಸು ಬರಲಿಲ್ಲ. ಎಲ್ಲರೂ ವಾಪಸಾದರು. ಹೋಗುವ ಮುಂಚೆ ಕಂಟ್ರಾಕ್ಟರ್ ಮಾತ್ರ ಮಂಜುವಿಗೆ, "ಎಷ್ಟು ದಿನ ಕೂರ್ತಾರೆ? ನಮಗೇನೂ ಅವಸರ ಇಲ್ಲ" ಎಂದನಂತೆ.

ಆ ಮಾತು ಮಾವನ ಕಿವಿಗೂ ಬಿದ್ದಿತ್ತು. ಬಿಸಿಲಿಗೋ ಬೇಸರಕ್ಕೋ, ಅದಾದ ಮೇಲೆ ಅವರು ಮೆತ್ತಗಾದರು. ಉಸಿರು ಕಟ್ಟುವುದು ಶುರುವಾಯಿತು. ಶಿವಮೊಗ್ಗದ ಡಾಕ್ಟರು ಹೃದಯ ದೊಡ್ಡದಾಗಿದೆ ಎಂದರು. "ಅದಕ್ಕೇ ಮಗನ್ನ ಬೈಯೋಕಾಗ್ತಿಲ್ಲ" ಎಂದು ಮಾವ ಅದಕ್ಕೂ ಒಂದು ಜೋಕು ಹೊಡೆದರು.

ನಾನು ಅವರೊಂದಿಗೆ ಸರಿಯಾಗಿ ಮಾತಾಡಿದ್ದು ಕೊನೆಯದಾಗಿ ಆ ತೋಪಿನಲ್ಲೇ. ಒಂದು ಭಾನುವಾರ, "ನಡಿ ಸುಮಾ, ಗಾಳಿ ಕುಡಿದು ಬರೋಣ" ಎಂದು ಆಟೋ ಹತ್ತಿಸಿದರು. ನನಗಿದ್ದದ್ದು ವಾರಕ್ಕೊಂದು ರಜೆ. ಬಟ್ಟೆ ಒಗೆಯುವುದಿತ್ತು, ನಿದ್ದೆ ಮಾಡುವುದಿತ್ತು. ಗೊಣಗಿಕೊಂಡೇ ಹೋದೆ. ನೇರಳೆ ಹಣ್ಣು ಉದುರಿ ನೆಲವೆಲ್ಲ ನೀಲಿಯಾಗಿತ್ತು. ಮಾವ ಒಂದೊಂದು ಮರವನ್ನೂ ಅಂಗೈಯಿಂದ ತಟ್ಟುತ್ತಾ ನಿಧಾನ ನಡೆದರು. ಆಮೇಲೆ ತೋಪಿನ ಬಾಯಿಗೆ ವಾಪಸು ಬಂದು, ಬಂಡೆಗೂ ಏರಿಗೂ ನಡುವೆ ಗಾಡಿಜಾಡಿನ ಮೇಲೆ ನಿಂತು ಆ ಕಡೆ ಈ ಕಡೆ ನೋಡಿದರು.

"ಇಲ್ಲಿ ಕೂತ್ರೆ ಎಲ್ಲ ಕಾಣುತ್ತೆ ಅಲ್ವಾ?"

"ಕಾಣುತ್ತೆ ಮಾವ. ಆದ್ರೆ ದಿನಾ ಇಲ್ಲಿ ಬಂದು ಕೂರೋಕೆ ಆಗುತ್ತಾ ನಿಮಗೆ? ಮೈ ನೋಡಿದೀರಾ ಹೆಂಗಾಗಿದೆ?"

"ದಿನಾ ಬಂದು ಹೋಗೋದು ಕಷ್ಟವೇ" ಎಂದರು, ನಿಜಕ್ಕೂ ಯೋಚಿಸುವವರಂತೆ. "ಮಂಜೂಗೆ ಹೇಳಿದೀನಿ. ನಂದು ಆಯ್ತು ಅಂದ ಮೇಲೆ ರುದ್ರಭೂಮಿಗೆ ಬೇಡ, ನಮ್ ಜಮೀನಲ್ಲೇ ಇರ್ತೀನಿ ಅಂತ. ಮಠದ ಸ್ವಾಮಿಗಳಿಗೂ ಹೇಳಿದೀನಿ."

ಸ್ವಂತ ಜಮೀನಿನಲ್ಲಿ ಸಮಾಧಿ ಮಾಡುವುದು ಅವರಲ್ಲಿ ಇದ್ದದ್ದೇ. ನನಗೆ ವಿಶೇಷವೇನೂ ಅನ್ನಿಸಲಿಲ್ಲ. "ಈಗ್ಯಾಕೆ ಆ ಮಾತು, ಸುಮ್ನಿರಿ" ಎಂದೆ. ಹಸಿವಾಗಿತ್ತು, ಮನೆಗೆ ಹೋಗುವ ಆತುರ. ಮಾವ ಒಂದು ಹಿಡಿ ನೇರಳೆ ಹಣ್ಣು ಆರಿಸಿ ಟವೆಲ್ಲಿನ ತುದಿಯಲ್ಲಿ ಕಟ್ಟಿಕೊಟ್ಟರು. ಆ ಟವೆಲ್ಲು ಇನ್ನೂ ನಮ್ಮ ಮನೆಯಲ್ಲಿದೆ. ಕಲೆ ಹೋಗಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮಾವ ಹೊರಟುಬಿಟ್ಟರು. ಬೆಳಿಗ್ಗೆ ಕಾಫಿ ಕುಡಿದು, ಹೊಸ್ತಿಲ ಮೇಲೆ ಕೂತು, ಗೌರತ್ತೆ ಬೈಯುತ್ತಿರುವಾಗಲೇ ಬಾಗಿಲಿಗೆ ಒರಗಿದರಂತೆ. ಯಾವತ್ತಿನ ಹಾಗೆ ಅಡ್ಡ ಕೂತಿದ್ದಾರೆ ಎಂದು ಅತ್ತೆ ಇನ್ನೂ ಎರಡು ಮಾತು ಬೈದರಂತೆ. "ಕೇಳಿಸ್ಕೊಂಡ್ರೋ ಇಲ್ವೋ ಸುಮಾ" ಎಂದು ಆ ಹೆಂಗಸು ನನ್ನ ಕೈ ಹಿಡಿದು ಕೇಳಿದರು.

ಕುರ್ಚಿಯಲ್ಲಿ ಕೂರಿಸಿದಂತೆಯೇ ಅವರನ್ನು ಬಿದಿರು ಕಟ್ಟಿದ ವಿಮಾನದಲ್ಲಿ ಕೂರಿಸಿ, ಹೂವು ಕಟ್ಟಿ, ಭಜನೆಯವರೊಂದಿಗೆ ದಿಣ್ಣೆಗೆ ಹೊರಟೆವು. ನಾಲೆಯ ಏರಿಯ ಮೇಲೆ ಬಂದು ಬಂಡೆ ಕಾಣುವಾಗ ಮುಂದಿದ್ದವರೆಲ್ಲ ನಿಂತರು. ಯಾಕೆಂದು ಇಣುಕಿದೆ. ಗುಂಡಿ ತೋಡಿದ್ದು ತೋಪಿನ ಒಳಗಲ್ಲ. ತೋಪಿನ ಬಾಯಲ್ಲಿ, ಗಾಡಿಜಾಡಿನ ನಟ್ಟನಡುವೆ.

ಪಕ್ಕದಲ್ಲಿ ನಿಂತಿದ್ದ ಮಂಜು ಅಳುತ್ತಲೇ ಹೇಳಿದ. "ಇದೇ ಜಾಗ ಆಗ್ಬೇಕು ಅಂತ ಗೂಟ ಹೊಡೆದಿಟ್ಟಿದ್ರು ಅಕ್ಕ. ಸ್ವಾಮಿಗಳಿಗೂ ತೋರಿಸಿದ್ರಂತೆ. ಜಮೀನಲ್ಲೇ ಮಾಡ್ತೀನಿ ಅಂತ ನಾನು ಮಾತು ಕೊಟ್ಟಿದ್ದೆ. ಜಮೀನಲ್ಲಿ ಎಲ್ಲಿ ಅಂತ ಕೇಳಿರ್ಲಿಲ್ಲ."

ನನಗೆ ನಗು ಬಂತು. ಅಂಥ ಹೊತ್ತಿನಲ್ಲಿ, ಅಷ್ಟು ಜನರ ಮಧ್ಯೆ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಕ್ಕು ಮುಗಿಯುವ ಮೊದಲೇ ಅಳು ಬಂತು. ಸ್ವಾಮಿಗಳು ಮಂತ್ರ ಹೇಳಿದರು. ಮಾವನನ್ನು ತೋಪಿಗೆ ಬೆನ್ನು ಮಾಡಿ, ರಸ್ತೆಯ ಕಡೆಗೆ ಮುಖ ಮಾಡಿ ಕೂರಿಸಿದರು. ವಿಭೂತಿ, ಪತ್ರೆ, ಉಪ್ಪು, ಆಮೇಲೆ ಮಣ್ಣು. ಒಂದು ಕಡ್ಡಿ ಸೌದೆ ಬೇಕಾಗಲಿಲ್ಲ, ಒಂದೆಳೆ ಹೊಗೆ ಏಳಲಿಲ್ಲ.

ಕೆಲವು ತಿಂಗಳು ಹೋದವು. ಒಂದು ಭಾನುವಾರ ಗೌರತ್ತೆ ಪತ್ರೆ ಏರಿಸಲು ಹೊರಟಾಗ ನಾನೂ ಜೊತೆಗೆ ಹೋದೆ. ಅತ್ತೆ ಮಣ್ಣಿನ ಮೇಲೆ ನೀರು ಚಿಮುಕಿಸುತ್ತಿದ್ದರು. ಹಿಂದಿನಿಂದ ಲಾರಿಯ ಸದ್ದು ಬಂತು. ಸೆಲ್ವಂ. ಮಂಜುವನ್ನು ಕೇಳದೆಯೇ ಕಂಟ್ರಾಕ್ಟರ್ ಕಳಿಸಿದ್ದ, ದಾರಿ ಹೇಗಿದೆ ನೋಡಿಕೊಂಡು ಬಾ ಎಂದು. ಲಾರಿ ಸಮಾಧಿಯ ಎದುರು ಬಂದು ನಿಂತಿತು. ಸೆಲ್ವಂನ ಕೈ ಹಾರ್ನಿನ ಮೇಲೆ ಹೋದದ್ದು ಗಾಜಿನಾಚೆಗೆ ಕಾಣಿಸಿತು. ಒತ್ತಲಿಲ್ಲ. ಎಂಜಿನ್ ಆರಿಸಿ, ಇಳಿದು, ಚಪ್ಪಲಿ ಬಿಟ್ಟು ಬಂದು ಕೈಮುಗಿದ.

"ಇಷ್ಟು ವರ್ಷ ಎದ್ದೇಳಿ ಅಂದ್ರೆ ಎದ್ದು ಕುರ್ಚಿ ಎಳ್ಕೊಳ್ತಾ ಇದ್ರು ಅಮ್ಮಾ" ಎಂದ ಅತ್ತೆಗೆ. "ಈಗ ಯಾರು ಹೇಳ್ತಾರೆ?"

ಗೌರತ್ತೆ ತಲೆಯೆತ್ತದೆ, "ನಾನಂತೂ ಹೇಳಲ್ಲಪ್ಪ" ಎಂದರು.

ಸೆಲ್ವಂ ಲಾರಿಯನ್ನು ಹಿಂದಕ್ಕೆ ತೆಗೆದುಕೊಂಡು, ನಾಲೆ ಏರಿಯ ಮೇಲೆ ಉದ್ದಕ್ಕೂ ಹಿಮ್ಮುಖವಾಗಿಯೇ ಹೋದ. ಆ ಲಾರಿ ಖಾಲಿ ನಿಲ್ಲುವುದಿಲ್ಲ, ನನಗೆ ಗೊತ್ತು. ಬೇರೆ ಯಾವುದೋ ಊರಿನ ಬೇರೆ ಯಾವುದೋ ತೋಪಿಗೆ ಹೋಗುತ್ತದೆ. ಅಲ್ಲಿ ದಾರಿಯಲ್ಲಿ ಯಾರೂ ಕೂತಿರುವುದಿಲ್ಲ. ಸೋಮವಾರ ನಾನು ಆಫೀಸಿಗೆ ಹೋಗಿ ಅದೇ ಬಾಯ್ಲರಿನ ಹೆಸರಿನ ಮುಂದೆ ಸೊನ್ನೆ ಬರೆಯುತ್ತೇನೆ, ಕೆಳಗೆ ಸಣ್ಣಕ್ಷರದ ಆ ಸಾಲನ್ನೂ ಬರೆಯುತ್ತೇನೆ, ಯಾರೂ ಓದುವುದಿಲ್ಲ. ಸಾಕಾಗಿದೆ ಎಂದರೆ ನಿಜಕ್ಕೂ ಸಾಕಾಗಿದೆ.

ಅತ್ತೆ ನೇರಳೆಯ ನೆರಳಿಗೆ ಬಾ ಎಂದು ಕರೆದರು. ನನಗೆ ಮಂಡಿ ನೋಯುತ್ತಿತ್ತು, ಅಲ್ಲಿವರೆಗೆ ನಡೆಯುವ ಮನಸ್ಸಿರಲಿಲ್ಲ. ಅಲ್ಲೇ, ದಾರಿಯ ನಡುವೆ, ಮಾವನ ಪಕ್ಕ ಕೂತೆ.